ಆ ಶೀಶೆ ತಣ್ಣಗಿದ್ದ ದಿನ

ಆ ಶನಿವಾರ ಬೆಳಿಗ್ಗೆ ಹಾಲಿನವನು ಬಂದು ಹೋಗಿದ್ದ, ಕುಕ್ಕರ್ ಕೂಗಿ ಸುಮ್ಮನಾಗಿತ್ತು, ನಾನು ಬಾಲ್ಕನಿಯಲ್ಲಿ ಇವರ ಅಂಗಿಗಳನ್ನು ಕೊಡವಿ ಹರವುತ್ತಿದ್ದೆ. ವಿಚಿತ್ರವಾದದ್ದು ನಡೆಯುವ ದಿನ ಮುಂಚಿತವಾಗಿಯೇ ಏನೋ ಅನಿಸುತ್ತದೆ ಎನ್ನುತ್ತಾರಲ್ಲ, ನನಗಂತೂ ಏನೂ ಅನಿಸಿರಲಿಲ್ಲ. ಅಂಥ ಕಥೆಗಳನ್ನು ನಂಬಿದವಳೂ ನಾನಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ದೆವ್ವದ ಮಾತೆತ್ತಿದವರನ್ನು ಸಿಸ್ಟರುಗಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೂ ಆ ಶಿಸ್ತು ನನ್ನಲ್ಲಿ ಉಳಿದೇ ಇತ್ತು.

ಆಗ ನಾವು ತಾರ್ನಾಕದಲ್ಲಿದ್ದೆವು. ಊರಿನ ತುಂಬ ಸಾಫ್ಟ್‌ವೇರ್ ಭರಾಟೆ. ನಮ್ಮ ಓಣಿಯಲ್ಲೂ ಹೊಸ ಹಾಸ್ಟೆಲ್‌ಗಳು, ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಎದ್ದಿದ್ದವು. ಅಷ್ಟೊಂದು ಭಾರ ತಡೆಯದೆ ಬೇಸಿಗೆಯಲ್ಲಿ ಕರೆಂಟು ಹೋಗುವುದು ಮಾಮೂಲು. ನಮ್ಮ ಮನೆಯವರದು ಮಾತ್ರ ಸಾಫ್ಟ್‌ವೇರ್ ಅಲ್ಲ, ಕ್ಯಾನ್ಸರ್ ಸಂಶೋಧನೆಯ ಲ್ಯಾಬು.

ಕೂಕಟ್‌ಪಲ್ಲಿಯಲ್ಲಿದ್ದ ನನ್ನ ಅಕ್ಕನಿಗೆ ಎದೆಯ ಗಡ್ಡೆಯ ಆಪರೇಷನ್ ಆಗಿತ್ತು. ಗಡ್ಡೆಯ ಕೋಶಗಳಲ್ಲಿ ಹಾರ್ಮೋನು ಬಂದು ಕೂರುವ ರಿಸೆಪ್ಟರ್ ಎಂಬ ಗ್ರಾಹಕಗಳಿದ್ದರೆ ದಿನಕ್ಕೊಂದು ಮಾತ್ರೆ ನುಂಗಿ ರೋಗವನ್ನು ತಡೆಯಬಹುದು, ಇಲ್ಲದಿದ್ದರೆ ಆ ಮಾತ್ರೆಯಿಂದ ಉಪಯೋಗವಿಲ್ಲ. ಆಸ್ಪತ್ರೆಯ ಪರೀಕ್ಷೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಇನ್ನೊಮ್ಮೆ ನೋಡಿ ಎಂದು ಡಾಕ್ಟರು ಇವರನ್ನು ಕೇಳಿದ್ದರು. ಅದಕ್ಕೆ ಬೇಕಾದದ್ದು ಒಂದು ಆ್ಯಂಟಿಬಾಡಿ. ಅದು ಹೋಗಿ ಆ ಗ್ರಾಹಕಕ್ಕೇ ಅಂಟಿಕೊಳ್ಳುತ್ತದಂತೆ, ಆಮೇಲೆ ಅಂಟಿದ ಕಡೆ ಕಂದು ಬಣ್ಣ ಬರಿಸುತ್ತಾರಂತೆ. ಲ್ಯಾಬಿನಲ್ಲಿದ್ದದ್ದು ಮುಗಿದು ಹೋಗಿತ್ತು. ಹೊಸದು ಹೊರದೇಶದಿಂದ ಬರಬೇಕು. ಹಿಂದೊಮ್ಮೆ ರಜೆಯ ದಿನ ಪಾರ್ಸಲ್ ಲ್ಯಾಬಿನ ಗೇಟಿನಲ್ಲಿ ಬಿಸಿಲಿಗೆ ಬಿದ್ದು ಹಾಳಾಗಿದ್ದರಿಂದ ಇವರು ಈ ಸಲ ಮನೆಯ ವಿಳಾಸ ಕೊಟ್ಟಿದ್ದರು.

ಪಾರ್ಸಲ್ ಆ ಶನಿವಾರ ಬೆಳಿಗ್ಗೆಯೇ ಬಂತು. ಇವರು ಅಕ್ಕನ ಗಡ್ಡೆಯ ತುಣುಕು ತರಲು ಆಸ್ಪತ್ರೆಗೆ ಹೋಗಿದ್ದರು. ಥರ್ಮೋಕೋಲ್ ಡಬ್ಬಿಯೊಳಗಿನ ಐಸ್ ಆಗಲೇ ನೀರಾಗಿತ್ತು. ಕಿರುಬೆರಳಿನಷ್ಟಿದ್ದ ಶೀಶೆಯ ತಳದಲ್ಲಿ ಒಂದೆರಡು ಹನಿ, ಅಷ್ಟೇ. ಇದಕ್ಕಾಗಿ ಇಷ್ಟು ದಿನ ಕಾದೆವೇ ಅನಿಸಿತು. ಅಷ್ಟರಲ್ಲಿ ಇವರ ಫೋನು. ಪಾರ್ಸಲ್ ಬಂತೆಂದೆ.

"ಫ್ರೀಜರಿನ್ಯಾಗ ಇಡಬ್ಯಾಡ, ಕೆಳಗ ಇಡು. ಬೆಚ್ಚಗಾದ್ರ ಮುಗೀತು ನೋಡು, ಮತ್ತ ತರಸೂದ್ರಾಗ ನಿಮ್ಮಕ್ಕಗ ಭಾಳ ತಡಾ ಆಗ್ತದ."

ರಿಸೀವರ್ ಇಡುತ್ತಿದ್ದಂತೆ ಪಡಸಾಲೆಯ ಫ್ಯಾನು ನಿಂತಿತು. ಶೀಶೆ ಹಿಡಿದು ಅಡುಗೆಮನೆಗೆ ಓಡಿದೆ. ನೋಡಿದರೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ಬಾಗಿಲು ತೆಗೆದರೆ ಒಳಗಿನ ದೀಪ ಹತ್ತಿತು. ಇದರಲ್ಲಿ ಆಶ್ಚರ್ಯವೇನಿರಲಿಲ್ಲ. ನಮ್ಮ ಮನೆಗೆ ಮೂರು ಫೇಸಿನ ಕರೆಂಟು. ಒಂದು ಫೇಸು ಹೋದರೆ ಪಡಸಾಲೆ ಕತ್ತಲಾಗುತ್ತದೆ, ಅಡುಗೆಮನೆ ನಡೆಯುತ್ತಿರುತ್ತದೆ. ದೇವರು ದೊಡ್ಡವನು ಎಂದುಕೊಂಡು ಶೀಶೆಯನ್ನು ಕೆಳಗಿನ ಖಾನೆಯಲ್ಲಿ ನಿಂಬೆಹಣ್ಣಿನ ಪಕ್ಕ ಇಟ್ಟೆ.

ದಿನವಿಡೀ ಆ ಸದ್ದಿಗೇ ಕಿವಿಗೊಟ್ಟು ಕೂತೆ. ಒಂದು ಸಲವೂ ಅದು ನಿಲ್ಲಲಿಲ್ಲ. ಸಾಮಾನ್ಯವಾಗಿ ನಮ್ಮ ಫ್ರಿಜ್ಜು ಸ್ವಲ್ಪ ಹೊತ್ತು ಓಡಿ ದಣಿದವರಂತೆ ಒಮ್ಮೆ ನಡುಗಿ ಸುಮ್ಮನಾಗುತ್ತಿತ್ತು. ಅಂದು ಆ ನಡುಕವೂ ಇರಲಿಲ್ಲ. ಮಧ್ಯಾಹ್ನ ಚಟ್ನಿಗೆಂದು ಮಿಕ್ಸಿ ಹಾಕಿದರೆ ಅದು ತಿರುಗಲಿಲ್ಲ. ಅಡುಗೆಮನೆಯ ಟ್ಯೂಬ್‌ಲೈಟೂ ಹತ್ತಲಿಲ್ಲ. ಎರಡೂ ಒಟ್ಟಿಗೇ ಕೆಟ್ಟವೇ? ಫ್ರಿಜ್ಜಿನ ಮೇಲೆ ಅಂಗೈ ಇಟ್ಟೆ, ಸಣ್ಣಗೆ ಅದುರುತ್ತಿತ್ತು. ಯಾಕೋ ಪ್ಲಗ್ಗನ್ನು ಮುಟ್ಟಿ ನೋಡುವ ಧೈರ್ಯ ಬರಲಿಲ್ಲ. ನೋಡಿದರೆ ನಿಂತುಬಿಡುತ್ತದೆ ಅನಿಸಿತ್ತೋ ಏನೋ.

ಸಂಜೆ ಬೆಳಕಿರುವಾಗಲೇ ಇವರು ಬಂದು, ಶೀಶೆಯನ್ನು ಎತ್ತಿ ಕೆನ್ನೆಗೆ ತಾಗಿಸಿಕೊಂಡು, "ಪುಣ್ಯಾ, ಅಡಿಗಿಮನಿ ಫೇಸರೆ ಉಳದೈತಿ" ಎಂದು ನಕ್ಕು ಲ್ಯಾಬಿಗೆ ಓಡಿದರು. ಅಲ್ಲಿ ಜನರೇಟರಿದೆ. ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಕ್ಕನ ಗಾಜಿನ ಸ್ಲೈಡಿನಲ್ಲಿ ಕಂದು ಬಣ್ಣ ಅನುಮಾನಕ್ಕೆ ಎಡೆಯಿಲ್ಲದಂತೆ ಮೂಡಿತು. ಮಾತ್ರೆ ಶುರುವಾಯಿತು, ಅಕ್ಕ ಇಂದಿಗೂ ನಮ್ಮ ಜೊತೆ ಇದ್ದಾಳೆ. ಪಕ್ಕದ ಓಣಿಯ ತಂತಿಯಿಂದ ಕರೆಂಟು ಹರಿದಿರಬೇಕು ಎಂದು ಇವರು ಈಗ ಹೇಳುತ್ತಾರೆ. ಹಾಗಾದರೆ ಮಿಕ್ಸಿ ಯಾಕೆ ತಿರುಗಲಿಲ್ಲ ಎಂದರೆ ಪೇಪರ್ ಮಡಚಿ ಎದ್ದು ಹೋಗುತ್ತಾರೆ. ಇಷ್ಟು ವರ್ಷ ಯೋಚಿಸಿದರೂ ನನಗೂ ತಲೆಬುಡ ತಿಳಿದಿಲ್ಲ.

ಅಂದು ಸಂಜೆ ಇವರು ಲ್ಯಾಬಿಗೆ ಹೋದ ಮೇಲೆ ಎದುರು ಮನೆಯ ಸರಸ್ವತಿಬಾಯಿ ಬಂದರು. ಕಲಬುರ್ಗಿ ಕಡೆಯವರು, ಮನೆಯಲ್ಲಿ ಏನು ಮುಗಿದರೂ ನಮ್ಮ ಬಾಗಿಲಿಗೇ ಬರುವವರು. ಒಂದಿಷ್ಟು ಮೊಸರು ಕೇಳಿದರು. ಫ್ರಿಜ್ಜಿನಿಂದ ತೆಗೆದು ಕೊಟ್ಟೆ. ಬಟ್ಟಲು ಹಿಡಿದವರೇ ಕೈ ಬದಲಾಯಿಸಿದರು.

"ಯವ್ವಾ, ಎಷ್ಟ ತಣ್ಣಗದರೀ ವೈನಿ! ಬರ್ಫ್ ಎಲ್ಲಿ ಸಿಕ್ತ್ರೀ ನಿಮಗ? ನಮ್ಮ ಮನ್ಯಾಗ ಹಾಲು, ಮೊಸರು ಎಲ್ಲಾ ಕೆಟ್ಟು ಹೋತು. ಮುಂಜಾನೆನೇ ಮೂಲಿಮ್ಯಾಗಿನ ಟ್ರಾನ್ಸ್‌ಫಾರ್ಮರ್ ಇಳಿಸಿ ಲಾರಿಯೊಳಗ ಹಾಕ್ಕೊಂಡು ಹೋಗ್ಯಾರ. ಇಡೀ ಗಲ್ಲಿಗೆ ಒಂದು ಫೇಸೂ ಇಲ್ಲ ನೋಡ್ರೀ" ಎಂದು, ಸೆರಗಿನಿಂದ ಬಟ್ಟಲು ಮುಚ್ಚಿಕೊಂಡು ಹೊಸ್ತಿಲು ದಾಟಿದರು.