ಕೊಂಡಿಯಕ್ಕನ ನೀಲಿ ದಾರಿ

“ಏನ್ ಕೊಂಡಿಯಕ್ಕ, ನಿಮ್ಮ ಪ್ರೋಗ್ರಾಮು ಇಂಕ್ ಚೆಲ್ಕೊಂಡಿದೆಯಾ ಹೆಂಗೆ? ಪುಟದ ತುಂಬ ನೀಲಿ. ಎಲ್ಲಿ ಬೆರಳಿಟ್ರೂ ಇನ್ನೆಲ್ಲಿಗೋ ಎಳ್ಕೊಂಡು ಹೋಗುತ್ತೆ.”

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಿಫ್ಟ್ ರಿಪೇರಿ ಕಂಪನಿಯ ಆಫೀಸಿನಲ್ಲಿ ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಮೇಸ್ತ್ರಿ, ಟೂಲ್ ಬ್ಯಾಗನ್ನು ಮೇಜಿನ ಮೇಲಿಟ್ಟು ನಿಂತಿದ್ದಾರೆ. ಕಂಪ್ಯೂಟರಿನ ಮುಂದೆ ಕುಳಿತ ಹೆಂಗಸು ತಲೆಯೆತ್ತದೆ ನಗುತ್ತಾರೆ.

“ಅದಕ್ಕೇನು ಗೊತ್ತು ಪಾಪ. ‘ಬಾಗಿಲು’ ಅಂತ ಕಂಡಲ್ಲೆಲ್ಲ ಬಾಗಿಲಿನ ಪುಟಕ್ಕೆ ಕೊಂಡಿ ಹಾಕಿದೆ. ಒಂದು ಪುಟದಲ್ಲಿ ಒಂದೇ ಸಲ ಸಾಕು ಅಂತ ಈಗ ಹೇಳ್ಕೊಟ್ಟಿದೀನಿ. ಬ್ಯಾಗ್ ತೆಗೀರಿ, ಗ್ರೀಸ್ ಅಂಟುತ್ತೆ.”

ಕೊಂಡಿಯಕ್ಕ ಈ ಕಂಪನಿಗೆ ಬಂದದ್ದು ಫೋನ್ ಎತ್ತಲು. ಒಂದು ಕಿವಿಯಲ್ಲಿ ಲಿಫ್ಟಿನೊಳಗೆ ಸಿಕ್ಕಿಕೊಂಡವರ ಗಾಬರಿ. ಇನ್ನೊಂದರಲ್ಲಿ “ಅಕ್ಕಾ, ಈ ಮಾಡೆಲ್ಲಿಗೆ ಬ್ರೇಕ್ ಹೆಂಗೆ ಬಿಡಿಸೋದು, ಯಾರನ್ನಾದ್ರೂ ಕೇಳಿ” ಎನ್ನುವ ಮೆಕ್ಯಾನಿಕ್‌ಗಳ ಅವಸರ. ಹಾಗೆ ಕೇಳಿದ್ದನ್ನು ಕೂಡಿಡಲು ಶುರುವಾದದ್ದೇ ಕಂಪನಿಯ ವಿಕಿ: ಮೆಕ್ಯಾನಿಕ್‌ಗಳೇ ಬರೆದು, ತಿದ್ದಿ, ಫೋನಿನಲ್ಲಿ ತೆರೆದು ನೋಡುವ ಪುಟಗಳು. ಪುಟಗಳು ಸಾವಿರ ದಾಟಿದಾಗ ಒಂದರಿಂದ ಇನ್ನೊಂದಕ್ಕೆ ಕೈಯಾರೆ ಕೊಂಡಿ ಹಾಕುವುದು ಆಗದ ಮಾತಾಯಿತು. ವೀಡಿಯೊ ನೋಡಿ, ಮುಗ್ಗರಿಸಿ, ತಮ್ಮ ಮಗಳ ಹತ್ತಿರ ಬೈಸಿಕೊಂಡು ಇವರೇ ಒಂದು ಪ್ರೋಗ್ರಾಮು ಬರೆದರು. ಒಂದು ಪುಟದ ಹೆಸರು ಇನ್ನೊಂದರಲ್ಲಿ ಕಂಡರೆ ಅದು ಆ ಪದವನ್ನು ನೀಲಿ ಮಾಡುತ್ತದೆ. ಒತ್ತಿದರೆ ಆ ಪುಟ ತೆರೆಯುತ್ತದೆ. ದಿನಕ್ಕೆ ಅದು ಮುನ್ನೂರು ಕೊಂಡಿ ಹಾಕಿದರೆ ನೂರನ್ನು ಇವರು ಕೀಳುತ್ತಾರೆ.

“ಆಫೀಸಲ್ಲಿ ನನ್ನ ಕೊಂಡಿಯಕ್ಕ ಅಂತಾರೆ ಅಂದಿದ್ದಕ್ಕೆ ನಮ್ಮತ್ತೆ ಚೇಳಿನ ಕೊಂಡಿ ಅನ್ಕೊಂಡ್ರು. ಸರಿಯಾಗೇ ಇಟ್ಟಿದಾರೆ ಹೆಸರು ಅಂದ್ರು.”

ಇವತ್ತು ಅವರ ಕಣ್ಣು ‘ಸ್ಟಾಪ್ ಸ್ವಿಚ್’ ಪುಟದ ಮೇಲಿದೆ. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುವವರು ಮೊದಲು ಒತ್ತಬೇಕಾದ್ದು ಅದನ್ನೇ. ಮರೆತರೆ, ಮೇಲೆ ಯಾರೋ ಬಟನ್ ಒತ್ತಿದಾಗ ಲಿಫ್ಟು ತಲೆಯ ಮೇಲೇ ಇಳಿದೀತು. ಆ ಪುಟಕ್ಕೆ ಎಲ್ಲಿಂದಲೂ ಕೊಂಡಿಯಿಲ್ಲ. ಮೇಸ್ತ್ರಿ ಬರೆದ ‘ಗುಂಡಿ ಕ್ಲೀನಿಂಗ್’ ಪುಟದಿಂದಲೂ ಇಲ್ಲ. ಅದೇ ಪುಟ ಹಿಡಿದು, ಹೊಸದಾಗಿ ಕೆಲಸಕ್ಕೆ ಸೇರಿದ ಮೇಸ್ತ್ರಿಯ ಮಗಳು ಇವತ್ತು ಮೊದಲ ಸಲ ಒಬ್ಬಳೇ ಗುಂಡಿಗೆ ಇಳಿಯುವವಳು. ಆಗಲೇ ಕೆಲಸದ ಜಾಗಕ್ಕೆ ಹೊರಟಾಗಿದೆ.

“ಸ್ವಿಚ್ ಅನ್ನೋ ಮಾತೇ ನೀವು ಬರ್ದಿಲ್ಲ ಮೇಸ್ತ್ರಿ. ಇದ್ರೆ ತಾನೇ ಪ್ರೋಗ್ರಾಮಿಗೆ ಕಾಣೋದು?”

“ಅದನ್ನೂ ಬರೀಬೇಕಾ? ಊಟ ಮಾಡು ಅಂದ್ಮೇಲೆ ಬಾಯಿ ತೆಗಿ ಅಂತಾನೂ ಹೇಳ್ತಾರಾ? ಫೋನಲ್ಲಿ ಹೇಳಿದ್ರೆ ‘ಗೊತ್ತಪ್ಪಾ’ ಅಂತ ಇಟ್ಬಿಡ್ತಾಳೆ.”

“ಅವಳಿಗಾದ್ರೆ ನೀವಿದೀರಿ. ಮುಂದೆ ಬರೋರಿಗೆ? ಬರೆಯೋದಿರ್ಲಿ, ಇಲ್ಲೇ ಇಳಿದು ತೋರಿಸಿ.”

ಪಳಗಿದವರ ಕೈ ಮಾಡುವುದು ಎಷ್ಟೋ ಸಲ ಬಾಯಿಗೆ ಬರುವುದಿಲ್ಲ ಎಂದು ಫೋನ್ ಎತ್ತಿ ಎತ್ತಿ ಕೊಂಡಿಯಕ್ಕ ಕಂಡುಕೊಂಡಿದ್ದಾರೆ. ಹಾಗಾಗಿ ಹೇಳಿಸುವುದು ಬಿಟ್ಟು ಮಾಡಿಸುತ್ತಾರೆ. ಮೇಸ್ತ್ರಿ ಗೊಣಗುತ್ತಲೇ, ಇಲ್ಲದ ಏಣಿಯ ಕಡೆ ಬೆನ್ನು ತಿರುಗಿಸಿ ಬಗ್ಗುತ್ತಾರೆ. ಕಾಲು ಎತ್ತುವ ಮೊದಲೇ ಬಲಗೈ ತಾನಾಗಿ ಪಕ್ಕಕ್ಕೆ ಹೋಗಿ ಗಾಳಿಯಲ್ಲಿ ಏನನ್ನೋ ಒತ್ತುತ್ತದೆ.

“ಈಗ ಕೈ ಎಲ್ಲಿಗೆ ಹೋಯ್ತು?”

ಮೇಸ್ತ್ರಿ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. ಕುರ್ಚಿ ಎಳೆದು ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ: ‘ಕಾಲಿಡುವ ಮೊದಲು ಸ್ಟಾಪ್ ಸ್ವಿಚ್ ಒತ್ತು ಮಗಳೇ.’

“‘ಮಗಳೇ’ ತೆಗೀಲಾ? ಎಲ್ಲರೂ ಓದೋ ಪುಟ.”

“ಇವತ್ತೊಂದಿನ ಇರ್ಲಿ.”

ನಿಮಗೇನಾಸೆ ಎಂದು ಯಾರಾದರೂ ಕೇಳಿದರೆ ಕೊಂಡಿಯಕ್ಕ ಯೋಚಿಸುವುದೇ ಇಲ್ಲ. “ಯಾವ ಪುಟಾನೂ ಒಂಟಿಯಾಗಿರ್ಬಾರ್ದು, ಅಷ್ಟೆ. ಬೇಕಾದಾಗ ಕೈಗೆ ಸಿಗದಿದ್ರೆ ಬರೆದೇನು ಬಂತು?”

ಪ್ರೋಗ್ರಾಮು ಓಡುತ್ತದೆ. ಆ ಸಾಲಿನ ನಡುವೆ ‘ಸ್ಟಾಪ್ ಸ್ವಿಚ್’ ನೀಲಿಯಾಗುತ್ತದೆ. ಆ ಪುಟ ತೆರೆದರೆ ತಳದಲ್ಲಿ ‘ಇಂದು ಓದಿದ ಮೆಕ್ಯಾನಿಕ್‌ಗಳು’ ಎಂಬಲ್ಲಿ ಸೊನ್ನೆ. ಹೊರಗೆ ವ್ಯಾನು ಹಾರನ್ ಹಾಕುತ್ತದೆ. ಮೇಸ್ತ್ರಿ ಬ್ಯಾಗನ್ನು ಹೆಗಲಿಗೇರಿಸಿ, ಇಳಿಸಿ, ಮತ್ತೆ ಏರಿಸಿಕೊಂಡು ಅಲ್ಲೇ ನಿಲ್ಲುತ್ತಾರೆ. ಇನ್ನೊಂದು ಹಾರನ್.

ಸೊನ್ನೆ ಒಂದಾಗುತ್ತದೆ.