ನಾನು ಕಾಣದ ಟಬೋರಾಕ್ಕೆ ನಾನೇ ಹೇಳಿದ ದಾರಿ

ದೆವ್ವ, ಮೈಮೇಲೆ ಬರುವುದು, ಕನಸಿನಲ್ಲಿ ಯಾರೋ ಬಂದು ಹೇಳುವುದು, ಇಂಥ ಮಾತು ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗುವ ಪೈಕಿ. ಈ ಪರದೇಶದಲ್ಲಿ, ಬ್ರಾಂಪ್ಟನ್ನಿನ ಗೆಳೆಯರ ಮನೆಗಳಲ್ಲಿ ಊಟ ಮುಗಿದ ಮೇಲೆ ಇಂಥ ಕಥೆಗಳು ಬಂದೇ ಬರುತ್ತವೆ. ಹೇಳುವವರ ಮುಖ ನೋಡಿ ನಗು ತಡೆದುಕೊಳ್ಳುವುದೇ ನನಗೆ ಕಷ್ಟವಾಗುತ್ತಿತ್ತು. ಅದಕ್ಕೇ ಈ ಅನುಭವವನ್ನು ಇಷ್ಟು ವರ್ಷ ಹೆಂಡತಿ ಬಿಟ್ಟು ಯಾರಿಗೂ ಹೇಳಲಿಲ್ಲ. ನೀವು ನಂಬಲೇಬೇಕು ಅಂತ ನನ್ನದೇನೂ ಒತ್ತಾಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಅಷ್ಟೆ.

ನಾನು ತುಮಕೂರಿನವನು. ಬ್ರಾಂಪ್ಟನ್ ಪಕ್ಕದ ಜಾರ್ಜ್‌ಟೌನಿನ ಒಂದು ಸಣ್ಣ ಪ್ಲಾಜಾದಲ್ಲಿದ್ದ ಟ್ರಾವೆಲ್ ಏಜೆನ್ಸಿಯಲ್ಲಿ ಆಗ ಕೆಲಸ ಮಾಡುತ್ತಿದ್ದೆ. ಎರಡೇ ಮೇಜು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಹರ್‌ಪ್ರೀತ್ ಅನ್ನುವ ಪಂಜಾಬಿ ಹೆಂಗಸು. ಟಿಕೆಟ್ ಎಲ್ಲರೂ ಫೋನಿನಲ್ಲೇ ಮಾಡಿಕೊಳ್ಳುವ ಕಾಲ ಬಂದಿದ್ದರಿಂದ ನಮ್ಮಲ್ಲಿಗೆ ಬರುತ್ತಿದ್ದವರು ಸ್ವಲ್ಪ ತೊಡಕಿನ ಪ್ರಯಾಣದವರು, ಇಲ್ಲವೇ ಎದುರಿಗೆ ಒಬ್ಬ ಮನುಷ್ಯ ಕೂತು ಹೇಳಿದರೆ ಮಾತ್ರ ಧೈರ್ಯ ಬರುವವರು. ಪೂರ್ವ ಆಫ್ರಿಕಾಕ್ಕೆ ಹೋಗುವವರನ್ನು ಹೆಚ್ಚಾಗಿ ನಾನೇ ನೋಡಿಕೊಳ್ಳುತ್ತಿದ್ದೆ. ಹೋಗುವವರೆಲ್ಲ ಸಫಾರಿಗೆ, ಇಲ್ಲವೇ ಜಾಂಜಿಬಾರಿನ ಸಮುದ್ರಕ್ಕೆ. ಅವರಿಗೆ ಹೇಳುವ ಮಾತುಗಳು ನನಗೆ ಬಾಯಿಪಾಠವಾಗಿದ್ದವು. ಆದರೆ ಒಂದು ವಿಷಯ ಇಲ್ಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಆಫ್ರಿಕಾದ ನೆಲದ ಮೇಲೆ ನಾನು ಇವತ್ತಿನವರೆಗೂ ಕಾಲಿಟ್ಟಿಲ್ಲ.

ಅದೊಂದು ಫೆಬ್ರವರಿಯ ಮಧ್ಯಾಹ್ನ. ಹೊರಗೆ ಹಿಮ ಬಿದ್ದು ಪಾರ್ಕಿಂಗ್ ಲಾಟು ಖಾಲಿ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದರು. ಹೆಸರು ಶಕುಂತಲಾ, ಧಾರವಾಡದವರು, ಇದೇ ಊರಿನ ಒಂದು ಡೇಕೇರಿನಲ್ಲಿ ಕೆಲಸ. ನನ್ನ ಮೇಜಿನ ಮೇಲಿದ್ದ ಹೆಸರಿನ ಫಲಕ ನೋಡಿದ್ದೇ "ಕನ್ನಡದವ್ರ ಏನ್ರಿ ಸರ?" ಅಂದರು. ಅಲ್ಲಿಂದ ಇಂಗ್ಲಿಷು ನಿಂತಿತು.

ಅವರಿಗೆ ಹೋಗಬೇಕಿದ್ದದ್ದು ತಾಂಜಾನಿಯಾಕ್ಕೆ. ಆದರೆ ಸಿಂಹ ನೋಡಲು ಅಲ್ಲ. ಅವರ ತಂದೆ ಎಪ್ಪತ್ತರ ದಶಕದಲ್ಲಿ ವಿಜ್ಞಾನದ ಮೇಷ್ಟ್ರಾಗಿ ಅಲ್ಲಿಗೆ ಹೋಗಿದ್ದರು. ದೇಶದ ನಡುಭಾಗದಲ್ಲಿ ಟಬೋರಾ ಎಂಬ ರೈಲ್ವೆ ಜಂಕ್ಷನ್ ಊರಿದೆ, ಅಲ್ಲಿಯ ಒಂದು ಶಾಲೆಯಲ್ಲಿ ಕೆಲಸ. ತಾಯಿ ಹೆರಿಗೆಗೆಂದು ಧಾರವಾಡಕ್ಕೆ ಬಂದಿದ್ದಾಗ ಅಲ್ಲಿ ಅವರು ತೀರಿಕೊಂಡರು. ಹುಟ್ಟಿದ ಮಗಳು ತಂದೆಯ ಮುಖ ನೋಡಲಿಲ್ಲ, ತಂದೆ ಮಗಳ ಮುಖ ನೋಡಲಿಲ್ಲ. ಜೊತೆಯ ಮೇಷ್ಟ್ರುಗಳು ಅಲ್ಲೇ ಮಣ್ಣು ಮಾಡಿದರೆಂದು ಒಂದು ಕಾಗದ ಬಂತು. ಮನೆ ಬದಲಿಸುವಾಗ ಆ ಕಾಗದವೂ ಕಳೆದುಹೋಯಿತು.

"ಅವ್ವ ಈಗ ನನ್ನ ಕಡೇನ ಅದಾಳ್ರಿ," ಅಂದರು ಶಕುಂತಲಾ. "ಹಾರ್ಟು ವೀಕ್ ಆಗೇತಿ. ಡಾಕ್ಟರು ಇಷ್ಟ ದಿನ ಅಂತ ಹೇಳೂದಿಲ್ಲ. ಅಕೀಗೆ ಒಂದ ಚಿಂತಿ. ನಮ್ಮ ಪದ್ಧತಿ ಗೊತ್ತಿದ್ದವರು ಒಬ್ಬರರ ಅಲ್ಲಿದ್ರೋ ಇಲ್ಲೋ, ಹೆಂಗರ ಒಂದು ಗುಂಡಿ ತೋಡಿ ಮುಚ್ಚಿಬಿಟ್ರೋ ಅಂತ. ಐವತ್ತು ವರ್ಷದಿಂದ ಅದನ್ನ ಕೇಳತಾಳ. ನಾನು ಹೋಗಿ ನೋಡಿ ಬರ್ತೀನಿ ಅಂದೀನಿ."

ಅವರಿಗೆ ಸಿಕ್ಕಿದ್ದ ರಜೆ ಹತ್ತು ದಿನ. ಜುಲೈನಲ್ಲಿ ಹೋಗಿ, ಆಗ ಅಲ್ಲಿ ಮಳೆ ಇರುವುದಿಲ್ಲ ಅಂದೆ. ಅವರು ಕೈಚೀಲದಿಂದ ಒಂದು ರೂಲಿನ ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದರು. ನಾನು ಎಂದಿನಂತೆ ಹೇಳುತ್ತಾ ಹೋದೆ. ವೀಸಾ ಆನ್‌ಲೈನಿನಲ್ಲೇ ಆಗುತ್ತದೆ, ಆದರೆ ಕೊನೇ ವಾರದವರೆಗೆ ಕಾಯಬೇಡಿ. ದಾರಿಯಲ್ಲಿ ಬೇರೆ ಆಫ್ರಿಕನ್ ದೇಶದಲ್ಲಿ ವಿಮಾನ ಬದಲಿಸಿ ಹೆಚ್ಚು ಹೊತ್ತು ಕಾಯುವುದಿದ್ದರೆ ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡು ಕೇಳುತ್ತಾರೆ. ಅದನ್ನು ಸೂಟ್‌ಕೇಸಿನಲ್ಲಿ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕ್ಯಾರಿ ಬ್ಯಾಗು ಆ ದೇಶದಲ್ಲಿ ನಿಷೇಧ, ಇಳಿಯುವ ಮೊದಲೇ ಬಿಸಾಡಿ. ವಿಭೂತಿ ಒಯ್ಯುವುದಾದರೆ ಪುಡಿ ಬೇಡ, ಗಟ್ಟಿ ತೆಗೆದುಕೊಂಡು ಹೋಗಿ. ಬಿಳಿ ಪುಡಿ ಕಂಡರೆ ಏರ್‌ಪೋರ್ಟಿನವರಿಗೆ ನೀವು ಬೆಳಗಾಗುವ ತನಕ ಉತ್ತರ ಹೇಳಬೇಕಾಗುತ್ತದೆ. ಅವರು ನಕ್ಕರು. ಮಲೇರಿಯಾ ಮಾತ್ರೆಯನ್ನು ಹೊರಡುವ ಮೊದಲೇ ಶುರು ಮಾಡಿ, ವಾಪಸ್ಸು ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಿ ಅಂದಾಗ ಅವರ ಪೆನ್ನು ನಿಂತಿತು. "ಅಪ್ಪ ಅದರಾಗ ಹೋದ್ರು," ಅಂದರು.

ಆಮೇಲೆ ಪ್ಲಗ್ ಪಾಯಿಂಟಿನ ವಿಷಯ ಹೇಳಿದ್ದು ನೆನಪಿದೆ. ಮೂರು ಚೌಕ ಕಡ್ಡಿಯದು, ಇಲ್ಲಿಯ ಚಾರ್ಜರು ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು ಅಂತ. ಅದಾದ ಮೇಲೆ ಅವರು "ಊರಾಗ ಹೆಂಗ ಹುಡುಕೂದ್ರಿ?" ಅಂತ ಕೇಳಿದರು. ಅಲ್ಲಿಯ ಜನರನ್ನೇ ವಿಚಾರಿಸಬೇಕು, ನನಗೆ ಅಷ್ಟು ವಿವರ ಗೊತ್ತಿಲ್ಲ ಎಂದು ನಾನು ಉತ್ತರ ಕೊಟ್ಟೆ. ಕೊಟ್ಟೆ ಎಂದೇ ನನ್ನ ನೆನಪು. ಅವರು ನೋಟ್‌ಬುಕ್ ಮುಚ್ಚಿ, ಕೈ ಮುಗಿದು ಹೊರಟರು. ನನ್ನ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡು ಕುಡಿದೆ. ಅಷ್ಟೇ.

ಆಗಸ್ಟಿನಲ್ಲಿ ಶಕುಂತಲಾ ಮತ್ತೆ ಬಂದರು. ಕೈಯಲ್ಲಿ ಒಂದು ಡಬ್ಬಿ ಜೇನುತುಪ್ಪ, ಆ ಊರಿನದು. ಕೂತವರೇ ಅಳತೊಡಗಿದರು. ಹರ್‌ಪ್ರೀತ್ ಗಾಬರಿಯಾಗಿ ಟಿಶ್ಯೂ ತಂದುಕೊಟ್ಟಳು.

"ನಿಮ್ಮ ಮಾತು ಮೊದಲ ಕೇಳಬೇಕಿತ್ರಿ ಸರ. ಟ್ಯಾಕ್ಸಿಯಾಂವ ಆಸ್ಪತ್ರಿ ಕಡೆ ದೊಡ್ಡ ಸ್ಮಶಾನಕ್ಕ ಕರಕೊಂಡು ಹೋದ. ಎರಡು ದಿನ ಒಂದೊಂದ ಕಲ್ಲು ಓದಿದೆ. ಮೂರನೇ ದಿನ ನನ್ನ ವಾಪಸ್ ಟ್ರೇನು. ಲಾಜಿನ್ಯಾಗ ಕೂತು ಬುಕ್ಕು ತಗದೆ. ಟ್ರೇನಿಗೆ ಮೊದಲ ಅದರಾಗ ಬರದಂಗ ಹೋಗಿ ನೋಡಿದೆ. ನೀವು ಹೇಳಿದ್ದು ಎಲ್ಲಾ ಅಲ್ಲೇ ಇತ್ತು."

"ನಾನು ಏನು ಹೇಳಿದ್ದೆ?" ಅಂದೆ.

ಅವರು ತಮಾಷೆ ಎಂದುಕೊಂಡು ಕಣ್ಣೊರೆಸುತ್ತಲೇ ನಕ್ಕು ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟರು. ವೀಸಾ, ಹಳದಿ ಕಾರ್ಡು, ವಿಭೂತಿ ಗಟ್ಟಿ, ಮಾತ್ರೆ, ಅಡಾಪ್ಟರ್. ಅದರ ಕೆಳಗೆ, ಅದೇ ನೀಲಿ ಪೆನ್ನಿನಲ್ಲಿ, ಅದೇ ಗಡಿಬಿಡಿಯ ಅಕ್ಷರದಲ್ಲಿ ಹೀಗಿತ್ತು:

"ಆಸ್ಪತ್ರಿ ಕಡೆ ಹೋಗಬ್ಯಾಡ್ರಿ, ಅದು ದೊಡ್ಡದು, ಅದಲ್ಲ. ಹಳೇ ಸಾಲಿ ಹಿಂದಿನ ಗ್ವಾಡಿ ಹಿಡದು ನಡೀರಿ. ನೀರಿನ ಟಾಕಿ ಬರತೈತಿ. ಟಾಕಿ ದಾಟಿ ಎಡಕ್ಕ. ಮೂರು ಕಲ್ಲು ಅದಾವ, ನಡಬರಕಿಂದು. ಹೆಸರು ಹುಡುಕಬ್ಯಾಡ್ರಿ, ಹೆಸರಿಲ್ಲ. ಕಲ್ಲಿನ ತೆಳಗ ಮಣ್ಣು ಸರಿಸಿ ನೋಡ್ರಿ, ಲಿಂಗದ ಗುರುತು ಕೊರದೈತಿ."

ನಾನು ಅದನ್ನು ಎರಡು ಸಲ ಓದಿದೆ. ಗೋಡೆಗೆ ನಾನು ಗೋಡೆ ಅನ್ನುತ್ತೇನೆ. ಶಾಲೆಗೆ ಸ್ಕೂಲು ಅನ್ನುತ್ತೇನೆ. ತುಮಕೂರಿನ ನನ್ನ ಬಾಯಲ್ಲಿ 'ನಡಬರಕಿಂದು' ಎಂಬ ಮಾತು ಬರಲು ಸಾಧ್ಯವೇ ಇಲ್ಲ. ಅದರ ಅರ್ಥ 'ನಡುವಿನದು' ಎಂಬುದನ್ನೂ ನಾನು ಆಗ ಊಹಿಸಿಯೇ ತಿಳಿದುಕೊಂಡೆ. "ನೀವು ನಿಮ್ಮ ಮಾತಿನಲ್ಲಿ ಬರೆದುಕೊಂಡಿರಾ?" ಅಂತ ಕೇಳಿದೆ.

"ಇಲ್ರಿ. ನೀವು ಹೆಂಗ ಹೇಳಿದ್ರಿ ಹಂಗ ಬರಕೊಂಡೆ. ಅಲ್ಲಿ ತನಕ ಬೆಂಗಳೂರ ಕಡೆ ಮಾತಾಡತಿದ್ರಿ, ಒಮ್ಮಿಂದೊಮ್ಮೆಲೆ ನಮ್ಮ ಕಡೆ ಮಾತು ಬಂತು. ನನ್ನ ಸಲುವಾಗಿ ಹಂಗ ಮಾತಾಡತೀರಿ ಅಂತ ತಿಳಕೊಂಡೆ."

ಫೋನಿನಲ್ಲಿ ಫೋಟೋ ತೋರಿಸಿದರು. ಒಣಹುಲ್ಲಿನ ನಡುವೆ ಮೂರು ಒರಟು ಕಲ್ಲು. ಮುಂದಿನ ಫೋಟೋದಲ್ಲಿ ನಡುವಿನ ಕಲ್ಲಿನ ಬುಡ, ಪಕ್ಕದಲ್ಲಿ ಅವರ ಮಣ್ಣಾದ ಕೈ. ಉಳಿಯಲ್ಲೋ ಮೊಳೆಯಲ್ಲೋ ಯಾರೋ ಕೆತ್ತಿದ ಲಿಂಗದ ಗುರುತು, ಸಣ್ಣದು, ಸೊಟ್ಟ, ಆದರೆ ಅನುಮಾನಕ್ಕೆ ಎಡೆಯಿಲ್ಲದ ಹಾಗೆ. ಅದು ಒಂದು ಗೇಣು ಮಣ್ಣಿನ ಅಡಿಯಲ್ಲಿತ್ತಂತೆ. ಅಗೆಯದಿದ್ದರೆ ಕಾಣುತ್ತಿರಲಿಲ್ಲ.

ನಾನು ಆ ದೇಶವನ್ನೇ ನೋಡಿಲ್ಲ ಎಂದೆ. ಅವರ ನಗು ನಿಧಾನವಾಗಿ ಹೋಯಿತು. ನಾನು ಹರ್‌ಪ್ರೀತ್ ಕಡೆ ತಿರುಗಿ, ಫೆಬ್ರವರಿಯಲ್ಲಿ ಇವರು ಬಂದದ್ದು ನೆನಪಿದೆಯೇ ಎಂದು ಕೇಳಿದೆ. ಅವಳಿಗೆ ಕನ್ನಡ ಬಾರದು. ಆದರೆ ನೆನಪಿತ್ತು. "ಕೊನೆಗೆ ನೀನು ಕಿಟಕಿ ನೋಡಿಕೊಂಡು ಒಂದೇ ಸಮನೆ ಮಾತಾಡಿದೆ," ಅಂದಳು. "ಇವರ ಕಡೆ ತಿರುಗಲೂ ಇಲ್ಲ. ನಿಮ್ಮಿಬ್ಬರಿಗೂ ಮೊದಲೇ ಪರಿಚಯ ಇರಬೇಕು ಅಂದುಕೊಂಡೆ. ದನಿ ಬೇರೆ ಥರ ಇತ್ತು, ವಯಸ್ಸಾದವರ ಥರ ಅಲ್ಲ, ಚಿಕ್ಕವರ ಥರ."

ಆ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಹಳೇ ಗಿರಾಕಿಗಳ ಫೈಲುಗಳನ್ನೆಲ್ಲ ತೆಗೆದು ನೋಡಿದೆ. ಟಬೋರಾಕ್ಕೆ ಹೋದವರು ಒಬ್ಬರೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಉಪಗ್ರಹದ ನಕ್ಷೆ ತೆರೆದೆ. ಶಾಲೆಯ ಸೂರು ಕಂಡಿತು, ಟ್ಯಾಂಕಿನ ನೆರಳೂ ಕಂಡಿತು. ಹಿಂದೆ ಯಾವಾಗಲೋ ಈ ನಕ್ಷೆ ನೋಡಿ ಮರೆತಿದ್ದೆನೇನೋ ಎಂದು ಸಮಾಧಾನ ಮಾಡಿಕೊಳ್ಳಲು ಹೊರಟೆ. ಆದರೆ ಮಣ್ಣಿನ ಅಡಿಯ ಗುರುತು ಯಾವ ನಕ್ಷೆಯಲ್ಲಿ ಇರುತ್ತದೆ? ಊರಿಗೆ ಫೋನ್ ಮಾಡಿ ಅಣ್ಣನನ್ನು ಕೇಳಿದೆ. ನಮ್ಮ ಕಡೆಯವರು ಯಾರೂ ಆಫ್ರಿಕಾಕ್ಕೆ ಹೋದವರಿಲ್ಲ, ಧಾರವಾಡದ ನಂಟೂ ಇಲ್ಲ. ನನ್ನ ಹೆಂಡತಿ, "ಎಲ್ಲೋ ಓದಿರ್ತೀರಿ ಬಿಡಿ," ಅಂದಳು. ತಲೆಯಲ್ಲಿ ಏನಾದರೂ ಕೆಟ್ಟಿರಬಹುದೆಂದು ಡಾಕ್ಟರರ ಹತ್ತಿರವೂ ಹೋದೆ. ಏನೂ ಸಿಗಲಿಲ್ಲ.

ಶಕುಂತಲಾ ಅವರ ತಾಯಿ ನನ್ನನ್ನು ನೋಡಬೇಕೆಂದು ಹೇಳಿಕಳಿಸಿದರು. ಎರಡು ಸಲ ತಪ್ಪಿಸಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆಯಾಗಿತ್ತು. ಮೂರನೇ ಸಲ ಅವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆಂದು ತಿಳಿದಾಗ ಹೋಗದಿರಲು ಮನಸ್ಸಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹೋದೆ. ಕಿಟಕಿಯ ಪಕ್ಕ ಆರಾಮ ಕುರ್ಚಿ, ಮೈಮೇಲೆ ಕೌದಿ, ಹಣೆ ತುಂಬ ವಿಭೂತಿ. ಮಗಳು ಅಲ್ಲಿಯ ಫೋಟೋವೊಂದನ್ನು ಪ್ರಿಂಟ್ ಮಾಡಿಸಿ ಅವರ ತೊಡೆಯ ಮೇಲಿಟ್ಟಿದ್ದರು.

ಆ ದಾರಿ ನನಗೆ ಹೇಗೆ ಗೊತ್ತಾಯಿತು ಎಂದು ಅವರು ಕೇಳುತ್ತಾರೆ, ನಾನು ತಲೆ ತಗ್ಗಿಸಬೇಕಾಗುತ್ತದೆ ಎಂದುಕೊಂಡಿದ್ದೆ. ಅವರು ಅದನ್ನು ಕೇಳಲೇ ಇಲ್ಲ. ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೋಟೋದ ಮೇಲೆ ಬೆರಳಿಟ್ಟು, "ಭಾಳ ಬಿಸಲು ಐತಿ ಅಲ್ಲೋ ತಮ್ಮಾ? ದಿನಾ ಪೂರ್ತಿ ಹಿಂಗ ಬಿಸಲು ಬಡೀತೈತೇನು?" ಎಂದು ಕೇಳಿದರು.

"ಇಲ್ಲಮ್ಮ," ಅಂದೆ. "ಮಧ್ಯಾಹ್ನದ ಮೇಲೆ ನೆರಳು ಬರುತ್ತೆ. ಪಡುವಣಕ್ಕೆ ದೊಡ್ಡ ಮಾವಿನ ಮರ ಇದೆ."

ಅವರು ಕಣ್ಣು ಮುಚ್ಚಿ, "ಹಂಗಾರ ಛಲೋ ಆತು," ಅಂದರು. ಎದೆಯಿಂದ ದೊಡ್ಡ ಉಸಿರೊಂದು ಹೊರಬಂತು. ಆ ವರ್ಷದ ಕೊನೆಗೆ ಅವರು ತೀರಿಕೊಂಡರು.

ಆ ಭಾನುವಾರ ಶಕುಂತಲಾ ನನ್ನನ್ನು ಬಾಗಿಲ ತನಕ ಬಿಡಲು ಬಂದರು. ಶೂ ಹಾಕಿಕೊಳ್ಳುತ್ತಾ, ವಯಸ್ಸಾದವರು, ಸಮಾಧಾನವಾಗಲಿ ಅಂತ ಮರದ ಮಾತು ಕಟ್ಟಿ ಹೇಳಿದೆ, ತಪ್ಪು ತಿಳಿಯಬೇಡಿ ಎಂದೆ. ಕಟ್ಟಿ ಹೇಳಿದ್ದು ಸತ್ಯವೂ ಹೌದು. ಆ ಮಾತನ್ನು ನಾನೇ, ನನ್ನದೇ ದನಿಯಲ್ಲಿ, ಬೇಕೆಂದೇ ಆಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಬಾಗಿಲಿನ ಚಿಲಕ ಹಿಡಿದುಕೊಂಡೇ ನಿಂತಿದ್ದರು.

"ಮರ ಐತ್ರಿ ಸರ," ಅಂದರು ಕೊನೆಗೆ. "ನಾ ಅದರ ಬುಡಕ ನಿಂತ ಎಲ್ಲಾ ಫೋಟೋ ತಗದೀನಿ. ಯಾವ ಫೋಟೋದಾಗೂ ಅದು ಬಂದಿಲ್ಲ."