ಎಲ್ಲರೂ ಕೂತು ಆಡಿದ ವಾಲಿಬಾಲ್

ಇವತ್ತು ಬೆಳಿಗ್ಗೆ ಅರಸೀಕೆರೆಯ ಒಂದು ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಆಟೋ ನಿಲ್ಲಿಸಲು ಹೇಳಿದೆ. ಮನಸ್ಸು ಆಗಲೇ ಆರನೇ ಕ್ಲಾಸಿಗೆ ಹೋಗಿತ್ತು.

ಪೋಲಿಯೊದಿಂದ ನನ್ನ ಎಡಗಾಲು ಸಣಕಲಾಗಿತ್ತು. ಆಟದ ಪೀರಿಯಡ್ಡಿನಲ್ಲಿ ಬೇವಿನ ಮರದಡಿ ಕೂತು ಎಲ್ಲರ ಚಪ್ಪಲಿ ಕಾಯುವುದೇ ನನ್ನ ಕೆಲಸ. ಆ ವರ್ಷ ಹೊಸದಾಗಿ ಬಂದ ಪಿ.ಟಿ. ಮಿಸ್ ಸದಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ಅವರು ನನ್ನ ಹತ್ತಿರ ಬಂದು, "ನೀನ್ಯಾಕಮ್ಮ ಇಲ್ಲಿ ಕೂತಿದೀಯ?" ಎಂದರು.

"ನಂಗೆ ಓಡಕ್ಕಾಗಲ್ಲ ಮಿಸ್."

ಅವರು ವಾಲಿಬಾಲ್ ನೆಟ್ಟನ್ನು ಸೊಂಟದ ಮಟ್ಟಕ್ಕೆ ಇಳಿಸಿ ಕಟ್ಟಿಸಿದರು. ಸೀಟಿ ಊದಿ, "ಎಲ್ರೂ ನೆಲದ ಮೇಲೆ ಕೂತ್ಕೊಳ್ರಿ! ಇವತ್ತು ಎದ್ದೋರು ಔಟು!" ಎಂದರು.

ಓಟದಲ್ಲಿ ಯಾವಾಗಲೂ ಮೊದಲು ಬರುವ ಮಂಜುಳಾ ಕೂತಲ್ಲೇ ಸರಿಯಲಾಗದೆ ಒದ್ದಾಡಿದಳು. ನಾನೋ ಮನೆಯಲ್ಲೆಲ್ಲ ಕೈಯೂರಿ ಸರಿದೇ ಬೆಳೆದವಳು. ಚೆಂಡು ಬಿದ್ದಲ್ಲೆಲ್ಲ ನಾನಿದ್ದೆ.

"ಅಯ್ಯಪ್ಪ, ಏನ್ ಹೊಡೀತಾಳೆ ಕಣೇ ಇವ್ಳು!" ಎಂದು ಮಂಜುಳಾ ಕೂಗಿದಳು. ಮುಂದಿನ ಆಟಕ್ಕೆ ತಂಡ ಆರಿಸುವಾಗ ಅವಳು ಮೊದಲು ಕರೆದದ್ದು ನನ್ನನ್ನೇ.

ಮನೆಗೆ ಹೋದಾಗ ಲಂಗವೆಲ್ಲ ಮಣ್ಣು. ಅವ್ವ ಗಾಬರಿಯಿಂದ, "ಎಲ್ಲಿ ಬಿದ್ಯೇ?" ಎಂದಳು.

"ಬಿದ್ದಿಲ್ಲ ಕಣವ್ವ, ಆಡ್ದೆ."

ಊಟಕ್ಕೆ ಕೂತಾಗ ನಾನಾಗಿಯೇ ಇನ್ನರ್ಧ ಮುದ್ದೆ ಕೇಳಿದೆ. ಅವ್ವ ಅಪ್ಪನ ಕಡೆ ನೋಡಿ ನಕ್ಕು, ಇಡೀ ಮುದ್ದೆಯನ್ನೇ ತಟ್ಟೆಗೆ ಇಟ್ಟಳು.

"ಹೋಗಣ್ವಾ ಮೇಡಂ?" ಎಂದ ಆಟೋದವನು.

"ಸ್ವಲ್ಪ ಇರಪ್ಪ, ಆಟ ಶುರುವಾಗ್ಲಿ" ಎಂದೆ.